ಸಹಿ ಹಾಕದಿದ್ದರೆ ಅಪ್ಪನ ಪಾಳಿ ತಪ್ಪುತ್ತದಾ?

ಪ್ರಶ್ನೆ: ನಾವು ಗದಗ-ಬೆಟಗೇರಿಯವರು. ಅಪ್ಪನಿಗೆ 61 ವರ್ಷ, ಮೊದಲು ಮಗ್ಗ ನೇಯುತ್ತಿದ್ದರು. ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ಮೂರು ವರ್ಷವಾಯಿತು. ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತೇನೆ. ಹೋದ ವಾರ ಅಪ್ಪ ಮಷಿನ್ ಮೇಲೆ ಇದ್ದಾಗಲೇ ಒಬ್ಬ ಹುಡುಗಿ ಬಂದು 14 ಪುಟದ ಫಾರ್ಮ್ ಕೊಟ್ಟರು. ಮೈ ತುರಿಕೆಗೆ ಹೊಸ ಔಷಧದ ಪರೀಕ್ಷೆ ನಡೆಯುತ್ತಿದೆ, ಸಹಿ ಮಾಡಿ ಅಂದರು. ಬಸ್ ಚಾರ್ಜ್ ಕೊಡುತ್ತಾರಂತೆ, ರಕ್ತ ಪರೀಕ್ಷೆ ಫ್ರೀ ಅಂತೆ. ಫಾರ್ಮ್‌ನಲ್ಲಿ ವರ್ಷದ ಆದಾಯ, ನಾಮಿನಿ ಹೆಸರು ಕೇಳಿದ್ದಾರೆ. ಅದನ್ನು ನೋಡಿ ಅವ್ವ ಹೆದರಿದ್ದಾಳೆ. ಅಪ್ಪ ಮಾತ್ರ "ಬ್ಯಾಡ ಅಂದ್ರ ನಾಳೆ ನನ್ನ ಪಾಳಿ ತಪ್ಪಸ್ತಾರ, ಸಹಿ ಹಾಕಿಬಿಡ್ತೀನಿ" ಅನ್ನುತ್ತಾರೆ. ಅದೇ ಸೆಂಟರ್‌ನ ಗೋಡೆ ಮೇಲೆ, ಮಷಿನ್ ನೀರಿನ ಬಿಸಿ ಎಷ್ಟಿದ್ದರೆ ಒಳ್ಳೆಯದು ಅಂತ ಅಧ್ಯಯನ ನಡೆಯುತ್ತಿದೆ ಎಂಬ ನೋಟಿಸ್ ಬೇರೆ ಇದೆ. ಅದಕ್ಕೆ ಯಾರೂ ನಮ್ಮನ್ನು ಕೇಳಿಲ್ಲ. ಇದೆಲ್ಲ ಸರಿನಾ ಡಾಕ್ಟ್ರೇ? ನಾನು ಮಗಳು, ನಾನೇ ಸಹಿ ಹಾಕಬಹುದಾ?

ಉತ್ತರ: ಮೊದಲು ಅಪ್ಪನವರಿಗೆ ಇಷ್ಟು ಹೇಳಿಬಿಡಿ. ಸಹಿ ಹಾಕಲಿಲ್ಲ ಅಂತ ಅವರ ಪಾಳಿ ತಪ್ಪಿಸುವ ಹಕ್ಕು ಯಾರಿಗೂ ಇಲ್ಲ. ಡಾಕ್ಟರಿಗೂ ಇಲ್ಲ, ಸೆಂಟರ್‌ನವರಿಗೂ ಇಲ್ಲ, ಔಷಧ ಕಂಪನಿಗೂ ಇಲ್ಲ. ಇದು ನನ್ನ ಅಭಿಪ್ರಾಯ ಅಲ್ಲ, ನಿಯಮ. ಸಹಿ ಹಾಕಿದ ಮೇಲೂ ಯಾವತ್ತು ಬೇಕಾದರೂ, ಕಾರಣ ಹೇಳದೆ ಹೊರಗೆ ಬರಬಹುದು. ಹೊರಗೆ ಬಂದ ಮೇಲೂ ಡಯಾಲಿಸಿಸ್ ಮೊದಲಿನ ಹಾಗೇ ನಡೆಯಬೇಕು. ಆ 14 ಪುಟಗಳಲ್ಲಿ ಈ ಮಾತು ಬರೆದೇ ಇರಬೇಕು. ಇರದಿದ್ದರೆ ಆ ಫಾರ್ಮನ್ನು ಮುಂದೆ ಓದುವ ಅಗತ್ಯವೇ ಇಲ್ಲ, ವಾಪಸ್ ಕೊಟ್ಟುಬಿಡಿ.

ಆದರೆ ನಿಯಮ ಇದೆ ಅಂದ ಮಾತ್ರಕ್ಕೆ ಅಪ್ಪನ ಭಯ ಹೋಗುವುದಿಲ್ಲ, ಅಲ್ವಾ? ಆ ಭಯವನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಿಡ್ನಿ ರೋಗಿಗಳನ್ನು ನೋಡಿದ್ದೇನೆ. ಕೆಲವು ವರ್ಷ, ಇಂಥ ಪರೀಕ್ಷೆಗಳಿಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯಲ್ಲೂ ಕೂತಿದ್ದೇನೆ. ನನಗೆ ಈ ಭಯ ಏನು ಅಂತ ಕಲಿಸಿದ್ದು ಒಬ್ಬ ಅಜ್ಜಿ.

ಆಗ ನಾನು ಬೇರೊಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ಅಧ್ಯಯನಕ್ಕೆ ಒಪ್ಪಿಗೆ ತೆಗೆದುಕೊಳ್ಳುವ ಕೆಲಸ ನನ್ನದು. ಅಜ್ಜಿ ರೋಣ ತಾಲೂಕಿನ ಹಳ್ಳಿಯವರು, ಓದು ಬರಹ ಇಲ್ಲ. ಡಯಾಲಿಸಿಸ್ ಶುರುವಾಗಿ ಮೂರನೇ ತಾಸು. ಎಡಗೈಯ ಫಿಸ್ಟುಲಾಕ್ಕೆ (ಡಯಾಲಿಸಿಸ್‌ಗೆ ಅಂತ ರಕ್ತನಾಳ ಜೋಡಿಸಿದ ಜಾಗ) ಎರಡು ಸೂಜಿ, ಎರಡು ಕೆಂಪು ಪೈಪು. ಬಲಗೈಗೆ ಬಿಪಿ ಪಟ್ಟಿ. ನಾನು ಕನ್ನಡದಲ್ಲೇ ಎಲ್ಲ ಓದಿ ಹೇಳಿದೆ. ಅಜ್ಜಿ ಪ್ರತಿ ಸಾಲಿಗೂ "ಹ್ಞೂಂ ರೀ" ಅಂದರು. ಸ್ಟ್ಯಾಂಪ್ ಪ್ಯಾಡ್ ಮೇಲೆ ಬಲಗೈ ಹೆಬ್ಬೆರಳು ಒತ್ತಿಸುವಾಗಲೇ ಬಿಪಿ ಪಟ್ಟಿ ಉಬ್ಬತೊಡಗಿತು. ಕೈ ನಡುಗಿ ಹೆಬ್ಬೆಟ್ಟಿನ ಗುರುತು ಎರಡೆರಡು ಬಿತ್ತು. ನಾನು ಪಕ್ಕದಲ್ಲಿ ಇನ್ನೊಂದು ಸಲ ಒತ್ತಿಸಿದೆ. ಬಿಪಿ 90ಕ್ಕೆ ಇಳಿದಿತ್ತು. ಟೆಕ್ನಿಷಿಯನ್ ಓಡಿ ಬಂದು ಬೆಡ್‌ನ ಕಾಲು ಕಡೆ ಎತ್ತರಿಸಿ ಸಲೈನ್ ಬಿಟ್ಟರು.

ಮೂರು ದಿನ ಬಿಟ್ಟು ಬಂದಾಗ ಕೇಳಿದೆ: "ಅಜ್ಜಿ, ಅವತ್ತು ಹೆಬ್ಬೆಟ್ಟು ಒತ್ತಿದ್ರಲ್ಲ, ಯಾವುದಕ್ಕ?" ಅಜ್ಜಿ ನನ್ನನ್ನೇ ವಿಚಿತ್ರವಾಗಿ ನೋಡಿದರು. "ನನ್ನ ಪಾಳಿ ತಪ್ಪಬಾರದು ಅಂತ ಒತ್ತಿಸ್ಕೊಂಡ್ರಲ್ರಿ ಸಾಹೇಬ್ರ?"

ನಾನು ಓದಿ ಹೇಳಿದ ಒಂದು ಸಾಲೂ ಅವರ ಕಿವಿಯಿಂದ ಒಳಗೆ ಹೋಗಿರಲಿಲ್ಲ. ಅವರು ಕೇಳಿಸಿಕೊಂಡದ್ದು ಒಂದೇ. ಈ ಡಾಕ್ಟರು ಏನೋ ಕೇಳುತ್ತಿದ್ದಾರೆ, ಕೊಡದಿದ್ದರೆ ನನ್ನ ಬೆಡ್ ಹೋಗುತ್ತದೆ. ಆ ಒಪ್ಪಿಗೆಯನ್ನು ರದ್ದು ಮಾಡಿ, ಅಜ್ಜಿಯನ್ನು ಅಧ್ಯಯನದಿಂದ ಬಿಟ್ಟೆವು. ಅವತ್ತಿನಿಂದ ಮಷಿನ್ ಮೇಲೆ ಇರುವವರ ಕೈಗೆ ನಾನು ಪೆನ್ನು ಕೊಟ್ಟಿಲ್ಲ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಯಾಲಿಸಿಸ್‌ನ ನಾಲ್ಕು ತಾಸಿನಲ್ಲಿ ನಿಮಿಷಕ್ಕೆ ಸುಮಾರು 250ರಿಂದ 300 ಮಿಲಿ ರಕ್ತ ಹೊರಗೆ ಬಂದು, ಡಯಾಲೈಸರ್ ಅನ್ನುವ ಸೋಸುವ ಕೊಳವೆಯೊಳಗೆ ಹಾದು, ವಾಪಸ್ ಹೋಗುತ್ತದೆ. ಆ ಡಯಾಲೈಸರ್‌ನ ಆಚೆ ಕಡೆಯಿಂದ ನಿಮಿಷಕ್ಕೆ ಅರ್ಧ ಲೀಟರಿನಂತೆ, ಒಟ್ಟು ಸುಮಾರು 120 ಲೀಟರ್ ಡಯಾಲೈಸೇಟ್ ನೀರು ಹರಿಯುತ್ತದೆ. ಮೈಯಲ್ಲಿ ತುಂಬಿದ ಎರಡು ಮೂರು ಲೀಟರ್ ನೀರನ್ನು ಅಷ್ಟರಲ್ಲೇ ಎಳೆಯಬೇಕು. ಬಿಪಿ ಇಳಿಯುತ್ತದೆ, ಕಾಲು ಸೆಳೆಯುತ್ತದೆ, ತಲೆ ಭಾರವಾಗುತ್ತದೆ. ಆ ಹೊತ್ತಿನಲ್ಲಿ ಮನುಷ್ಯ ಎದ್ದು ಹೋಗಲಾರ. ಸುಮ್ನೆ ಮಗ್ಗುಲು ತಿರುಗಬೇಕೆಂದರೂ ಯಾರನ್ನಾದರೂ ಕೇಳಬೇಕು. ಎದ್ದು ಹೋಗಲಾರದ ಮನುಷ್ಯನ ಹತ್ತಿರ "ನಿಮ್ಮ ಇಷ್ಟ" ಅಂದರೆ ಆ ಮಾತಿಗೆ ಏನು ಅರ್ಥ?

ಬೇರೆ ರೋಗಿಗೆ ಡಾಕ್ಟರು ಸರಿ ಬರಲಿಲ್ಲ ಅಂದರೆ ಇನ್ನೊಬ್ಬರ ಹತ್ತಿರ ಹೋಗಬಹುದು. ಡಯಾಲಿಸಿಸ್ ರೋಗಿಗೆ ಅದು ಅಷ್ಟು ಸುಲಭವಲ್ಲ. ವಾರಕ್ಕೆ ಎರಡು ಸಲ ಅಂದರೂ ವರ್ಷಕ್ಕೆ 104 ಸಲ ಅದೇ ಕೋಣೆ, ಅದೇ ಮುಖಗಳು. ಸೂಜಿ ಚುಚ್ಚುವವರ ಕೈ ಹಗುರವಾಗಿದ್ದರೆ ಆ ದಿನ ಒಳ್ಳೆಯ ದಿನ. ಆ ಕೈಯವರಿಗೆ ಬೇಜಾರು ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಬೆಳಗಿನ ಪಾಳಿ ಸಿಕ್ಕರೆ ಮಧ್ಯಾಹ್ನದ ಗಾಡಿ ಹಿಡಿದು ಸಂಜೆಯೊಳಗೆ ಬೆಟಗೇರಿ ಮುಟ್ಟುತ್ತೀರಿ. ರಾತ್ರಿ ಪಾಳಿಗೆ ತಳ್ಳಿದರೆ? ಯಾರೂ ಬಾಯಿಬಿಟ್ಟು ಬೆದರಿಸಬೇಕಾಗಿಲ್ಲ. ಅಂಥ ಒಂದು ಯೋಚನೆ ಬಂದರೆ ಸಾಕು, ಕೈ ತಾನಾಗಿ ಸಹಿ ಹಾಕುತ್ತದೆ. ಇದಕ್ಕೆ ಹೆದರಿಕೆ ಮಾತ್ರ ಕಾರಣವಲ್ಲ, ಋಣದ ಭಾವನೆಯೂ ಇದೆ. "ನನ್ನ ಜೀವ ಉಳಿಸ್ಯಾರ, ಅವರ ಮಾತು ಹ್ಯಾಂಗ ತೆಗೆದುಹಾಕಲಿ" ಅನ್ನುವವರನ್ನು ನಾನು ಎಷ್ಟೋ ಜನ ನೋಡಿದ್ದೇನೆ.

ಬೆಡ್ ಸಿಗದಿದ್ದರೆ ಸಾವು ಅನ್ನುವ ಈ ಹೆದರಿಕೆ ಡಯಾಲಿಸಿಸ್ ಜೊತೆಗೇ ಹುಟ್ಟಿದ್ದು. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅನ್ನುವ ವೈದ್ಯರು ಕೈಯ ರಕ್ತನಾಳಗಳಿಗೆ ಒಂದು ಟೆಫ್ಲಾನ್ ಕೊಳವೆ ಕೂರಿಸಿದರು. ಅದರಿಂದ ಒಬ್ಬರಿಗೇ ಮತ್ತೆ ಮತ್ತೆ ಡಯಾಲಿಸಿಸ್ ಮಾಡಲು ಸಾಧ್ಯವಾಯಿತು. ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ 11 ವರ್ಷ ಬದುಕಿದರು. ಆದರೆ ಮಷಿನ್ ಬೆರಳೆಣಿಕೆಯಷ್ಟು, ರೋಗಿಗಳು ಸಾಲುಗಟ್ಟಿ. ಯಾರಿಗೆ ಕೊಡಬೇಕು? ಅದನ್ನು ತೀರ್ಮಾನಿಸಲು ಏಳು ಜನರ ಒಂದು ಕಮಿಟಿ ಕೂತಿತು. ಅದರಲ್ಲಿ ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವ, ಒಬ್ಬ ಗೃಹಿಣಿ ಇದ್ದರು. ರೋಗಿಯ ಸಂಪಾದನೆ, ಸಂಸಾರ, ಚರ್ಚಿಗೆ ಹೋಗುತ್ತಾನಾ ಅನ್ನುವುದನ್ನೆಲ್ಲ ನೋಡುತ್ತಿದ್ದರು. 1962ರಲ್ಲಿ ಲೈಫ್ ಪತ್ರಿಕೆಯಲ್ಲಿ ಆ ವರದಿ ಬಂದು ದೊಡ್ಡ ಚರ್ಚೆಯಾಯಿತು. ಅದಾಗಿ ಹತ್ತು ವರ್ಷಕ್ಕೆ, 1972ರಲ್ಲಿ, ಅಲ್ಲಿಯ ಸರ್ಕಾರವೇ ಡಯಾಲಿಸಿಸ್ ಖರ್ಚು ಹೊರುವ ಕಾನೂನು ಬಂತು. ನಮ್ಮಲ್ಲಿ 2016ರ ಕೇಂದ್ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು, ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಸೇವೆ ಬಂತು. ನಾನು ಕೆಲಸ ಶುರು ಮಾಡಿದಾಗ ಹೊಲ ಮಾರಿ ಡಯಾಲಿಸಿಸ್ ಮಾಡಿಸುತ್ತಿದ್ದರು. ಹೊಲ ಮುಗಿದ ಮೇಲೆ ಬರುವುದನ್ನೇ ನಿಲ್ಲಿಸುತ್ತಿದ್ದರು. ಆ ನೆನಪು ನಿಮ್ಮ ಅಪ್ಪನ ವಯಸ್ಸಿನವರಲ್ಲಿ ಇನ್ನೂ ಇದೆ.

ಇಷ್ಟೆಲ್ಲ ಓದಿ "ಹಾಗಾದರೆ ಈ ಪರೀಕ್ಷೆಗಳ ಸಹವಾಸವೇ ಬೇಡ" ಅಂದುಕೊಳ್ಳಬೇಡಿ. ಅದಕ್ಕೆ ನಾನು ಒಪ್ಪುವುದಿಲ್ಲ. ಡಯಾಲಿಸಿಸ್ ರೋಗಿಗಳಿಗೆ ಆಗಿರುವ ಇನ್ನೊಂದು ಅನ್ಯಾಯ ಅಂದರೆ, ಅವರನ್ನು ಪರೀಕ್ಷೆಗಳಿಂದ ಹೊರಗೇ ಇಟ್ಟದ್ದು. ಹೃದಯದ ಔಷಧ, ಸಕ್ಕರೆ ಕಾಯಿಲೆಯ ಔಷಧ, ಯಾವುದೇ ದೊಡ್ಡ ಅಧ್ಯಯನ ತೆಗೆದುಕೊಳ್ಳಿ. "ಕಿಡ್ನಿ ಪೂರ್ತಿ ಕೆಟ್ಟವರು ಬೇಡ" ಅಂತ ಬಹಳಷ್ಟು ಕಡೆ ಮೊದಲೇ ಬರೆದಿರುತ್ತದೆ. ಆಮೇಲೆ ಅದೇ ಔಷಧವನ್ನು ಅಂದಾಜಿನ ಮೇಲೆ ಇವರಿಗೂ ಕೊಡುತ್ತೇವೆ.

ಅಂದಾಜು ಎಷ್ಟು ದುಬಾರಿ ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. ರಕ್ತ ಹೆಚ್ಚಿಸಲು ಎರಿತ್ರೋಪೊಯಿಟಿನ್ ಇಂಜೆಕ್ಷನ್ ಕೊಡುತ್ತೇವಲ್ಲ, ಅಪ್ಪನಿಗೂ ಕೊಡುತ್ತಿರಬಹುದು. ಅದು ಬಂದ ಹೊಸತರಲ್ಲಿ ಎಲ್ಲರೂ ಯೋಚಿಸಿದ್ದು ಒಂದೇ: ರಕ್ತ ಕಡಿಮೆ ಇರುವುದು ಕೆಟ್ಟದ್ದು, ಹಾಗಾದರೆ ಆರೋಗ್ಯವಂತರಷ್ಟೇ ಮೇಲಕ್ಕೆ ಏರಿಸಿದರೆ ಒಳ್ಳೆಯದು. ಕೇಳಲು ಎಷ್ಟು ಸರಿಯಾಗಿದೆ! ಅಮೆರಿಕದಲ್ಲಿ ಹೃದಯದ ತೊಂದರೆ ಇದ್ದ 1233 ಡಯಾಲಿಸಿಸ್ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಿಮೋಗ್ಲೋಬಿನ್ ಸುಮಾರು 14ರವರೆಗೆ ಏರಿಸುವ ಗುರಿ, ಇನ್ನೊಂದಕ್ಕೆ ಸುಮಾರು 10. ಏರಿಸಿದ ಗುಂಪಿನಲ್ಲಿ 183 ಜನ ಸತ್ತರು, ಇನ್ನೊಂದರಲ್ಲಿ 150. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿ, 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಪರೀಕ್ಷೆ ನಡೆಯದೇ ಇದ್ದಿದ್ದರೆ ನಾವೆಲ್ಲ ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡು ಅದನ್ನೇ ಮಾಡುತ್ತಿದ್ದೆವು. ಕೊಲೆಸ್ಟರಾಲ್ ಮಾತ್ರೆಯದೂ ಇದೇ ಕಥೆ. ಬೇರೆಯವರಲ್ಲಿ ಹೃದಯ ಕಾಯುವ ಸ್ಟ್ಯಾಟಿನ್, ಡಯಾಲಿಸಿಸ್ ಶುರುವಾದವರಲ್ಲಿ ಹೇಳಿಕೊಳ್ಳುವಂಥ ಪ್ರಯೋಜನ ಕೊಡಲಿಲ್ಲ. ಅದು ಗೊತ್ತಾದದ್ದು 2005 ಮತ್ತು 2009ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳಿಂದ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೇ ಸಂಬಂಧಿಸಿದ್ದು. ಆ ಅಧ್ಯಯನಗಳೆಲ್ಲ ಬಹುತೇಕ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸುವವರ ಮೇಲೆ ನಡೆದವು. ನಿಮ್ಮ ಅಪ್ಪ ವಾರಕ್ಕೆ ಎರಡೇ ಸಲ ಬರುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಹಾಗೇ. ಊಟವೂ ಬೇರೆ, ಬಿಸಿಲೂ ಬೇರೆ. ಅಲ್ಲಿಯ ಲೆಕ್ಕ ಇಲ್ಲಿಗೆ ಹಾಗೇ ಕೂರುವುದಿಲ್ಲ. ಇಲ್ಲಿಯವರ ಮೇಲೆ, ಇಲ್ಲಿಯವರಿಗಾಗಿ ಪರೀಕ್ಷೆಗಳು ನಡೆಯಲೇಬೇಕು. ನಾನು ಕೇಳುವುದು ಇಷ್ಟೇ, ಬೇಡ ಅನ್ನುವವರು ಹೆದರಿಕೆ ಇಲ್ಲದೆ ಬೇಡ ಅನ್ನುವ ಹಾಗಿರಲಿ.

ಈಗ ಗೋಡೆ ಮೇಲಿನ ನೋಟಿಸ್‌ಗೆ ಬರೋಣ. ಕೇಳದೆ ಪರೀಕ್ಷೆ ಮಾಡಬಹುದಾ ಅಂತ ನಿಮಗೆ ಸಿಟ್ಟು ಬಂದಿದೆ. ಅದು ನ್ಯಾಯವಾದದ್ದೇ. ಆದರೆ ಈ ಥರದ ಅಧ್ಯಯನದ ರೀತಿ ಬೇರೆ. ಇದರಲ್ಲಿ ಒಬ್ಬೊಬ್ಬ ರೋಗಿಗೆ ಚೀಟಿ ಎತ್ತುವುದಿಲ್ಲ, ಒಂದೊಂದು ಸೆಂಟರ್‌ಗೇ ಇಡಿಯಾಗಿ ಎತ್ತುತ್ತಾರೆ. ಇಂಥದ್ದೇ ಒಂದು ಅಧ್ಯಯನ ಕೆನಡಾದ ಒಂಟಾರಿಯೋದಲ್ಲಿ ನಡೆಯಿತು, ಮೈಟೆಂಪ್ ಅಂತ ಹೆಸರು. 84 ಡಯಾಲಿಸಿಸ್ ಸೆಂಟರ್, 15,000ಕ್ಕೂ ಹೆಚ್ಚು ರೋಗಿಗಳು, 2017ರಿಂದ 2021ರವರೆಗೆ ನಾಲ್ಕು ವರ್ಷ. ಅರ್ಧ ಸೆಂಟರ್‌ಗಳಲ್ಲಿ ಡಯಾಲೈಸೇಟ್ ಬಿಸಿ 36.5 ಡಿಗ್ರಿ. ಉಳಿದ ಅರ್ಧದಲ್ಲಿ ರೋಗಿಯ ಮೈ ಬಿಸಿಗಿಂತ ಅರ್ಧ ಡಿಗ್ರಿಯಿಂದ 0.9 ಡಿಗ್ರಿಯಷ್ಟು ಕಡಿಮೆ. ತಂಪು ನೀರಿನಿಂದ ಬಿಪಿ ಇಳಿಯುವುದಿಲ್ಲ, ಹೃದಯಕ್ಕೆ ಒಳ್ಳೆಯದು ಅಂತ ಸಣ್ಣ ಅಧ್ಯಯನಗಳು ಹೇಳಿದ್ದವು, ಎಷ್ಟೋ ಸೆಂಟರ್‌ಗಳು ಆಗಲೇ ಪಾಲಿಸುತ್ತಲೂ ಇದ್ದವು. 2022ರಲ್ಲಿ ಫಲಿತಾಂಶ ಬಂತು. ಹೃದಯದ ತೊಂದರೆಯಲ್ಲಿ, ಸಾವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ತಂಪಿನ ಕಡೆಯವರಿಗೆ ಚಳಿ ಮಾತ್ರ ಜಾಸ್ತಿ ಆಗಿತ್ತು.

ಅಲ್ಲೂ ಒಬ್ಬೊಬ್ಬರ ಸಹಿ ತೆಗೆದುಕೊಂಡಿರಲಿಲ್ಲ. ಎಥಿಕ್ಸ್ ಕಮಿಟಿ ಅನುಮತಿ ಕೊಟ್ಟಿತ್ತು, ರೋಗಿಗಳಿಗೆ ವಿಷಯ ತಿಳಿಸಿದ್ದರು. ಅದರ ಹಿಂದಿನ ವಾದ ಹೀಗೆ: ಎರಡೂ ಬಿಸಿ ದಿನನಿತ್ಯ ಬಳಕೆಯಲ್ಲಿ ಇರುವುದೇ. ಅಧ್ಯಯನ ಇಲ್ಲದಿದ್ದರೂ ಯಾರೋ ಒಬ್ಬ ಡಾಕ್ಟರು ತನ್ನ ರೂಢಿಯಂತೆ ಒಂದನ್ನು ಇಡುತ್ತಿದ್ದರು. ಅದಕ್ಕೆ ಯಾರೂ ಸಹಿ ಕೇಳುತ್ತಿರಲಿಲ್ಲ. ನಮ್ಮ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯೂ, ಅಪಾಯ ತೀರಾ ಕಡಿಮೆ ಇದ್ದು, ಒಬ್ಬೊಬ್ಬರ ಒಪ್ಪಿಗೆ ಪಡೆಯುತ್ತಾ ಕೂತರೆ ಅಧ್ಯಯನವೇ ಆಗದು ಅನ್ನುವಂತಿದ್ದರೆ, ರೋಗಿಯ ಒಪ್ಪಿಗೆಯ ಷರತ್ತನ್ನು ಎಥಿಕ್ಸ್ ಕಮಿಟಿ ಸಡಿಲಿಸಲು ಅವಕಾಶ ಕೊಡುತ್ತದೆ.

ನಾನು ಈ ವಾದವನ್ನು ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಬಿಸಿ ಅರ್ಧ ಡಿಗ್ರಿ ಆಚೀಚೆ ಆಗುವುದಕ್ಕೆ 14 ಪುಟದ ಫಾರ್ಮ್ ಬೇಕಿಲ್ಲ, ನಿಜ. ಆದರೆ ಗೋಡೆಗೆ ಒಂದು ಹಾಳೆ ಅಂಟಿಸಿದರೆ ತಿಳಿಸಿದಂತೆ ಆಯಿತಾ? ಓದಲು ಬಾರದವರಿಗೆ? ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದವರಿಗೆ? ಡಯಾಲಿಸಿಸ್ ಕೋಣೆಯಲ್ಲಿ ಅಂಥವರೇ ಎಷ್ಟೋ ಜನ. ಪ್ರತಿಯೊಬ್ಬರ ಬೆಡ್ ಹತ್ತಿರ ಹೋಗಿ, ನಮ್ಮ ಮಾತಿನಲ್ಲಿ, ಎರಡು ನಿಮಿಷ ಹೇಳಲು ಆಗದಷ್ಟು ಪುರುಸೊತ್ತಿಲ್ಲದ ಸೆಂಟರ್ ಅಧ್ಯಯನ ಮಾಡಲೇಬಾರದು. ಇನ್ನೊಂದು ವಿಷಯ, ಚಳಿ ಅನ್ನುವುದು ಸಣ್ಣದಲ್ಲ. ಕಂಪ್ಯೂಟರ್ ಲೆಕ್ಕದಲ್ಲಿ ಅದು ಅಪಾಯ ಅಲ್ಲದೇ ಇರಬಹುದು. ನಾಲ್ಕು ತಾಸು ಹಲ್ಲು ಕಟಕಟ ಅನ್ನುತ್ತಾ ಮಲಗಿದವರಿಗೆ ಅದು ಇಡೀ ದಿನ. ಅಪ್ಪನಿಗೆ ಮಷಿನ್ ಮೇಲೆ ಚಳಿ ಆಗುತ್ತಿದ್ದರೆ ಟೆಕ್ನಿಷಿಯನ್‌ಗೆ ಹೇಳಿ. ಅಧ್ಯಯನ ಇದ್ದರೂ ಬಿಸಿ ಹೆಚ್ಚಿಸಿ ಅಂತ ಕೇಳಬಹುದು, ಕೇಳಿದರೆ ಡಾಕ್ಟರು ಹೆಚ್ಚಿಸಬೇಕು. ಇದಕ್ಕೂ ಬೇಡ ಅನ್ನುವ ದಾರಿ ಇದೆಯಾ ಅಂತ ಅವರನ್ನೇ ಕೇಳಿ. ಅಮೆರಿಕದಲ್ಲಿ 266 ಸೆಂಟರ್‌ಗಳಲ್ಲಿ ಡಯಾಲಿಸಿಸ್ ಅವಧಿ ಬಗ್ಗೆ ಟೈಮ್ ಅನ್ನುವ ಅಧ್ಯಯನ ನಡೆದಾಗ, ಬೇಡದವರು ಹೊರಗುಳಿಯುವ ಅವಕಾಶ ಇಟ್ಟಿದ್ದರು. ಇಲ್ಲೂ ಇಡಬಹುದು.

ಬಿಸಿಯ ಅಧ್ಯಯನಕ್ಕೆ ಹೇಳಿದ ಈ ಸಡಿಲಿಕೆ ತುರಿಕೆಯ ಔಷಧಕ್ಕೆ ಅನ್ವಯಿಸುವುದಿಲ್ಲ. ಅದು ಹೊಸ ಔಷಧ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಪೂರ್ತಿ ಅನ್ವಯಿಸುತ್ತವೆ. ಅದರಲ್ಲಿ ನಿಮಗೆ ಬೇಕಾದ್ದನ್ನು ಹೇಳುತ್ತೇನೆ.

ನಾಮಿನಿ ಅಂತ ನೋಡಿ ಅವ್ವ ಹೆದರಿದ್ದಾರೆ. ಆ ಹೆದರಿಕೆ ಬೇಡ. ಔಷಧದಿಂದ ಏನಾದರೂ ಅನಾಹುತ ಆದರೆ ಪರಿಹಾರ ಯಾರಿಗೆ ಕೊಡಬೇಕು ಅಂತ ಮೊದಲೇ ಬರೆಸಿಕೊಳ್ಳುತ್ತಾರೆ. ಆದಾಯ, ಉದ್ಯೋಗ ಕೇಳುವುದೂ ನಿಯಮದ ಪ್ರಕಾರವೇ. ಆ ಕಾಲಂ ಇರುವುದು ಒಳ್ಳೆಯ ಲಕ್ಷಣ, ಫಾರ್ಮ್ ನಿಯಮ ನೋಡಿ ಮಾಡಿದ್ದು ಅಂತ ಅರ್ಥ. ಪರೀಕ್ಷೆಯ ಹೊತ್ತಿನಲ್ಲಿ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ ಕೊಡಬೇಕು. ಅದು ಔಷಧದಿಂದಲೇ ಆದದ್ದು ಅಂತ ತೀರ್ಮಾನವಾದರೆ ಪರಿಹಾರವೂ ಬೇರೆ. ಸಾವಾದರೆ ಪರಿಹಾರಕ್ಕೆ ಒಂದು ಸೂತ್ರ ಇದೆ. 8 ಲಕ್ಷ ರೂಪಾಯಿ ಮೂಲ ಮೊತ್ತ ಇಟ್ಟು, ವಯಸ್ಸು ಮತ್ತು ಕಾಯಿಲೆಯ ತೀವ್ರತೆಯ ಅಂಕ ಹಾಕಿ ಲೆಕ್ಕ ಮಾಡುತ್ತಾರೆ. ತೀವ್ರತೆಯ ಅಂಕ 0.5ರಿಂದ 4ರವರೆಗೆ. ಆರೋಗ್ಯವಂತನಿಗೆ 4, ಕೊನೆಯ ಹಂತದ ರೋಗಿಗೆ 0.5. ಅಂದರೆ ಕಾಯಿಲೆ ಜಾಸ್ತಿ ಇದ್ದಷ್ಟೂ ಜೀವದ ಬೆಲೆ ಕಡಿಮೆ. ಇದು ನನಗೆ ಯಾವತ್ತೂ ಸಮಾಧಾನ ಕೊಟ್ಟಿಲ್ಲ. ಕಮಿಟಿಯಲ್ಲಿ ಕೂತು ಆ ಪಟ್ಟಿ ಓದುವಾಗ ನನ್ನ ರೋಗಿಗಳ ಮುಖ ಕಣ್ಣ ಮುಂದೆ ಬರುತ್ತಿತ್ತು.

ಫಾರ್ಮ್ ಕನ್ನಡದಲ್ಲಿ ಇರಬೇಕು. ಅರ್ಧ ಇಂಗ್ಲಿಷ್ ಇದ್ದರೆ ಪೂರ್ತಿ ಕನ್ನಡದ್ದು ಕೇಳಿ. ಓದಲು ಬಾರದವರಾದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಮೊದಲಿನಿಂದ ಕೊನೆಯವರೆಗೆ ಕೂತಿರಬೇಕು. ಔಷಧದ ಅಣುವೇ ಹೊಸದಾಗಿದ್ದು, ರೋಗಿ ದುರ್ಬಲ ಸ್ಥಿತಿಯವರಾಗಿದ್ದರೆ ಒಪ್ಪಿಗೆ ಪಡೆಯುವುದನ್ನು ಪೂರ್ತಿ ವಿಡಿಯೋ ಮಾಡಬೇಕು. ಅದು ಅಪ್ಪನ ರಕ್ಷಣೆಗೆ, ಹಿಂಜರಿಯಬೇಕಿಲ್ಲ. ಸಹಿ ಹಾಕಿದರೆ ಒಂದು ಪ್ರತಿ ನಿಮ್ಮ ಕೈಗೆ ಬರಲೇಬೇಕು. ಅದರ ಮೇಲೆ ಸಿಟಿಆರ್‌ಐ ಅಂತ ಶುರುವಾಗುವ ಒಂದು ನಂಬರ್ ನೋಡಿ. ದೇಶದಲ್ಲಿ ನಡೆಯುವ ಔಷಧ ಪರೀಕ್ಷೆಗಳೆಲ್ಲ ಆ ಸರ್ಕಾರಿ ವೆಬ್‌ಸೈಟ್‌ನಲ್ಲಿ ನೋಂದಣಿ ಆಗಬೇಕು, 2009ರಿಂದ ಕಡ್ಡಾಯ. ಮೊಬೈಲ್‌ನಲ್ಲೇ ಹುಡುಕಬಹುದು. ಎಥಿಕ್ಸ್ ಕಮಿಟಿಯವರ ಫೋನ್ ನಂಬರೂ ಫಾರ್ಮ್‌ನಲ್ಲಿ ಇರುತ್ತದೆ. ಆ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು. ಅರ್ಧದಷ್ಟು ಜನ ಆ ಆಸ್ಪತ್ರೆಯ ಹೊರಗಿನವರು. ಕಾನೂನು ಬಲ್ಲವರೊಬ್ಬರು, ಮಹಿಳೆಯೊಬ್ಬರು, ನಮ್ಮ ನಿಮ್ಮಂಥ ಸಾಮಾನ್ಯ ಜನರ ಪರವಾಗಿ ಒಬ್ಬರು ಇರಲೇಬೇಕು. ಫೋನ್ ಮಾಡಿ. ನಾನು ಕಮಿಟಿಯಲ್ಲಿದ್ದ ಅಷ್ಟೂ ವರ್ಷದಲ್ಲಿ ರೋಗಿಯ ಮನೆಯವರಿಂದ ಬಂದ ಫೋನ್ ಒಂದು ಕೈಯ ಬೆರಳಿನಷ್ಟು. ಬಂದ ಪ್ರತಿ ಫೋನೂ ನಮಗೆ ಯಾವುದೋ ಒಂದು ಕಾಣದ ವಿಷಯ ತೋರಿಸಿಕೊಟ್ಟಿತ್ತು.

ಇನ್ನು ಔಷಧದ ವಿಷಯ. ಪರೀಕ್ಷೆಗೆ ಸೇರಿದ ಮಾತ್ರಕ್ಕೆ ಅಪ್ಪನಿಗೆ ಹೊಸ ಔಷಧ ಸಿಗುತ್ತದೆ ಅಂತಲ್ಲ. ಅರ್ಧ ಜನರಿಗೆ ನೋಡಲು ಹಾಗೇ ಇರುವ, ಔಷಧ ಇಲ್ಲದ ಮಾತ್ರೆ ಅಥವಾ ಇಂಜೆಕ್ಷನ್ ಕೊಡಬಹುದು. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರುವುದಿಲ್ಲ. ಇದು ಮೋಸ ಅಲ್ಲ. ತುರಿಕೆಯನ್ನು ಅಳೆಯಲು ಮೀಟರ್ ಇಲ್ಲ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ರೋಗಿಯೇ ಹೇಳಬೇಕು. ಹೊಸ ಔಷಧ ಅಂದರೆ ಸ್ವಲ್ಪ ತುರಿಕೆ ನಂಬಿಕೆಯಿಂದಲೇ ಇಳಿಯಬಹುದು. ಹಾಗಾಗಿ ಹೋಲಿಸಿ ನೋಡದೆ ಸತ್ಯ ಗೊತ್ತಾಗುವುದಿಲ್ಲ. ಆದರೆ ಒಂದು ಪ್ರಶ್ನೆ ತಪ್ಪದೆ ಕೇಳಿ: ಈಗ ತಗೊಳ್ಳುತ್ತಿರುವ ತುರಿಕೆ ಔಷಧ ನಿಲ್ಲಿಸಬೇಕಾ? ಗ್ಯಾಬಪೆಂಟಿನ್ ಅನ್ನುವ ಮಾತ್ರೆಯನ್ನು ಸಣ್ಣ ಡೋಸ್‌ನಲ್ಲಿ, ಡಯಾಲಿಸಿಸ್ ಆದ ಮೇಲೆ, ತುರಿಕೆಗೆ ನಾವು ಕೊಡುತ್ತೇವೆ. ಅದರಿಂದ ಅಪ್ಪನಿಗೆ ರಾತ್ರಿ ನಿದ್ದೆ ಬರುತ್ತಿದ್ದರೆ, ಅದನ್ನು ಬಿಡಿಸಿ ಖಾಲಿ ಮಾತ್ರೆ ಕೊಡುವುದಕ್ಕೆ ಒಪ್ಪಬೇಡಿ. ತುರಿಕೆ ಜೋರಾದರೆ ಮಧ್ಯದಲ್ಲಿ ಬೇರೆ ಔಷಧ ಕೊಡುತ್ತಾರಾ, ಪರೀಕ್ಷೆ ಮುಗಿದ ಮೇಲೆ ಗುಣ ಕಂಡಿದ್ದರೆ ಆ ಔಷಧ ಮುಂದೆ ಸಿಗುತ್ತದಾ, ಇದನ್ನೂ ಕೇಳಿ.

ರಕ್ತ ಪರೀಕ್ಷೆ ಫ್ರೀ ಅಂದಿದ್ದಾರಲ್ಲ, ಎಷ್ಟು ಸಲ, ಎಷ್ಟು ಮಿಲಿ ಅಂತ ಕೇಳಿ. ಬೇರೆಯವರಿಗೆ 30 ಮಿಲಿ ರಕ್ತ ಲೆಕ್ಕಕ್ಕೇ ಇಲ್ಲ. ಡಯಾಲಿಸಿಸ್ ರೋಗಿಗೆ ಪ್ರತಿ ಹನಿಯೂ ಇಂಜೆಕ್ಷನ್ ಹಾಕಿ ಬೆಳೆಸಿದ ರಕ್ತ. ಡಯಾಲಿಸಿಸ್ ಶುರುವಾಗುವಾಗ ಅದೇ ಸೂಜಿಯಿಂದ ತೆಗೆಯಲಿ. ಬೇರೆ ದಿನ ಬಂದು ಕೈಯ ನರ ಚುಚ್ಚಿಸಿಕೊಳ್ಳುವುದು ಬೇಡ. ಮುಂದೆ ಯಾವತ್ತೋ ಇನ್ನೊಂದು ಫಿಸ್ಟುಲಾ ಮಾಡಬೇಕಾದರೆ ಆ ನರಗಳೇ ಬೇಕು.

ಬಸ್ ಚಾರ್ಜ್ ಲಂಚವಲ್ಲ. ಅಧ್ಯಯನಕ್ಕೆ ಅಂತ ಹೆಚ್ಚಿಗೆ ಓಡಾಡಿಸಿದರೆ ಆ ಖರ್ಚು, ಜೊತೆಗೆ ಬರುವ ನಿಮ್ಮ ದಿನಗೂಲಿ ಕೊಡುವುದು ನ್ಯಾಯವೇ. "ಸೇರಿದರೆ ಡಯಾಲಿಸಿಸ್ ಪುಕ್ಕಟೆ, ಸೇರದಿದ್ದರೆ ದುಡ್ಡು" ಅಂದರೆ ಮಾತ್ರ ಅದು ಒತ್ತಾಯ. ಹಾಗೆ ಯಾರಾದರೂ ಅಂದರೆ ಅವತ್ತೇ ಕಮಿಟಿಗೆ ತಿಳಿಸಿ. ಸೇರಿದ ಒಬ್ಬೊಬ್ಬ ರೋಗಿಯ ಲೆಕ್ಕದಲ್ಲಿ ಕಂಪನಿಯಿಂದ ಆಸ್ಪತ್ರೆಗೆ ಹಣ ಬರುವುದೂ ಉಂಟು. ಅದು ತಪ್ಪಲ್ಲ, ಆದರೆ ಮುಚ್ಚಿಡುವ ವಿಷಯವೂ ಅಲ್ಲ. ಕೇಳುವ ಹಕ್ಕು ನಿಮಗಿದೆ. ಅಪ್ಪನ ಡಾಕ್ಟರೇ ಅಧ್ಯಯನ ನಡೆಸುವವರೂ ಆಗಿದ್ದರೆ, ಒಪ್ಪಿಗೆಯ ಮಾತನ್ನು ಬೇರೊಬ್ಬರು ಆಡುವುದು ಒಳ್ಳೆಯದು. ದಿನಾ ನೋಡುವ ಡಾಕ್ಟರ ಮುಖ ನೋಡಿ ಬೇಡ ಅನ್ನಲು ನಮ್ಮ ಕಡೆಯವರಿಗೆ ಬಾಯಿ ಬರುವುದಿಲ್ಲ.

ನೀವು ಸಹಿ ಹಾಕಬಹುದಾ ಅಂತ ಕೇಳಿದ್ದೀರಿ. ಇಲ್ಲ. ಅಪ್ಪನಿಗೆ ಬುದ್ಧಿ ಸ್ಥಿಮಿತದಲ್ಲಿದೆ, ಮಾತು ಅರ್ಥವಾಗುತ್ತದೆ. ಮೈ ಅವರದು, ಸಹಿಯೂ ಅವರದೇ. ನಮ್ಮ ಮನೆಗಳಲ್ಲಿ ಒಳ್ಳೆಯ ಮನಸ್ಸಿನಿಂದಲೇ ಮಕ್ಕಳು ತೀರ್ಮಾನ ಮಾಡಿಬಿಡುತ್ತಾರೆ, ಹಿರಿಯರು ಸುಮ್ಮನೆ ತಲೆ ಆಡಿಸುತ್ತಾರೆ. ಆಸ್ಪತ್ರೆಯವರೂ ಅಪ್ಪನನ್ನು ಬಿಟ್ಟು ನಿಮ್ಮ ಹತ್ತಿರ ಮಾತಾಡುತ್ತಾರೆ, ಅದು ಅವರಿಗೆ ಸುಲಭ. ನೀವು ಪಕ್ಕದಲ್ಲಿ ಕೂತು ಓದಿ ಹೇಳಿ, ಅವರ ಪ್ರಶ್ನೆಗಳನ್ನು ನೆನಪಿಸಿ. ತೀರ್ಮಾನ ಮಾತ್ರ ಅವರಿಗೆ ಬಿಡಿ.

ಹೇಗೆ ಮಾಡಬೇಕು ಅಂದರೆ, ಮುಂದಿನ ಪಾಳಿಗೆ ಹೋದಾಗ ಆ ಹುಡುಗಿಗೆ "ಫಾರ್ಮ್ ಮನಿಗೆ ಒಯ್ತೀವ್ರಿ, ಡಯಾಲಿಸಿಸ್ ಇಲ್ಲದ ದಿನ ಬಂದು ಹೇಳ್ತೀವಿ" ಅನ್ನಿ. ಆಕೆಗೂ ಬೇಜಾರಾಗುವುದಿಲ್ಲ. ಡಯಾಲಿಸಿಸ್ ಆದ ದಿನ ಅಪ್ಪ ದಣಿದಿರುತ್ತಾರೆ. ಮರುದಿನ ಬೆಳಿಗ್ಗೆ ಚಹಾ ಆದ ಮೇಲೆ ಅವ್ವನನ್ನೂ ಕೂರಿಸಿಕೊಂಡು ಓದಿ. ಓದಿ ಮುಗಿದ ಮೇಲೆ ಫಾರ್ಮ್ ಮುಚ್ಚಿಟ್ಟು, "ಅಪ್ಪಾ, ಇದು ಏನು ಅಂತ ನನಗ ಹೇಳು ನೋಡೋಣ" ಅನ್ನಿ. ಇದು ಪರೀಕ್ಷೆ, ಗುಣವಾಗುವ ಖಾತ್ರಿ ಇಲ್ಲ, ಬೇಡ ಅಂದರೂ ನನ್ನ ಪಾಳಿ ಎಲ್ಲೂ ಹೋಗುವುದಿಲ್ಲ. ಈ ಮೂರು ಮಾತು ಅವರ ಬಾಯಿಂದ, ಅವರದೇ ಮಾತಿನಲ್ಲಿ ಬಂದರೆ ಅವರು ಏನು ತೀರ್ಮಾನ ಮಾಡಿದರೂ ಅದು ಸರಿ. ಬರದಿದ್ದರೆ ಇನ್ನೊಮ್ಮೆ ಓದಿ, ಇಲ್ಲವೇ ಹೋಗಿ ಕೇಳಿ.

ಅಪ್ಪ ಸೇರಲಿ ಬಿಡಲಿ, ತುರಿಕೆಯನ್ನು ಹಾಗೇ ಬಿಡಬೇಡಿ. ಡಾಕ್ಟರ ಹತ್ತಿರ ರಕ್ತದಲ್ಲಿ ರಂಜಕ (ಫಾಸ್ಫರಸ್) ಎಷ್ಟಿದೆ, ವಾರಕ್ಕೆ ಎರಡು ಸಲದ ಡಯಾಲಿಸಿಸ್ ಸಾಲುತ್ತಿದೆಯಾ, ಮೂರನೇ ಪಾಳಿ ಸಿಗಬಹುದಾ ಅಂತ ವಿಚಾರಿಸಿ. ದೂರದ ಕಾರಣಕ್ಕೆ ಮೂರನೇ ಸಲ ಬರಲು ಆಗುತ್ತಿಲ್ಲವಾದರೆ, ಗದಗ ಜಿಲ್ಲಾ ಆಸ್ಪತ್ರೆಯಲ್ಲಿ ಜಾಗ ಇದೆಯಾ ಅಂತಲೂ ಕೇಳಿ. ಡಯಾಲಿಸಿಸ್ ಕಡಿಮೆ ಬಿದ್ದರೂ ಮೈ ತುರಿಸುತ್ತದೆ. ಹೋಗುವಾಗ ಅಪ್ಪನ ಮಾತ್ರೆಗಳ ಚೀಟಿ, ಕಳೆದ ಎರಡು ತಿಂಗಳ ರಕ್ತದ ರಿಪೋರ್ಟ್ ಜೊತೆಗೆ ಒಯ್ಯಿರಿ.